ಫುಟ್‌ಪ್ರಿಂಟ್ ಲೈಬ್ರರಿ ಕಲಸುಮೇಲೋಗರ ಆಗಿದೆ, ನೀವೆಲ್ಲ ಹೇಗೆ ಇಟ್ಟುಕೊಳ್ಳುತ್ತೀರಿ?

ಕೇಳಿದವರು, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಕಪನೂರ ಕಡೆಯ ದಾಲ್‌ಮಿಲ್‌ಗಳಿಗೆ ಮೋಟಾರ್ ಕಂಟ್ರೋಲ್ ಬೋರ್ಡು, ಹೊಲದ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಬೋರ್ಡು ಮಾಡಿಕೊಡುತ್ತೇವೆ. ನಾನು, ನನ್ನ ತಮ್ಮ, ಇಬ್ಬರೇ. ಎರಡು ಕಂಪ್ಯೂಟರ್, ಎರಡರಲ್ಲೂ ಬೋರ್ಡ್ ಡಿಸೈನ್ ಮಾಡುವ ಕೀಕ್ಯಾಡ್ ಸಾಫ್ಟ್‌ವೇರ್. ಸಿಕ್ಕ ಸಿಕ್ಕ ಕಡೆಯಿಂದ ಇಳಿಸಿಕೊಂಡ ಫುಟ್‌ಪ್ರಿಂಟ್‌ಗಳು, ಅಂದರೆ ಬೋರ್ಡ್ ಮೇಲೆ ಪಾರ್ಟ್ ಕೂರುವ ತೂತು, ಬೆಸುಗೆ ಪ್ಯಾಡ್‌ಗಳ ನಕ್ಷೆಗಳು, ಎಲ್ಲೆಲ್ಲೋ ಬಿದ್ದಿವೆ. ನನ್ನ ಪ್ರಾಜೆಕ್ಟನ್ನು ತಮ್ಮನ ಕಂಪ್ಯೂಟರಿನಲ್ಲಿ ತೆರೆದರೆ ಲೈಬ್ರರಿ ಸಿಗುತ್ತಿಲ್ಲ ಅನ್ನುತ್ತದೆ. ಒಂದೇ ರಿಲೇಗೆ ಬೇರೆ ಬೇರೆ ಹೆಸರಿನ ಫುಟ್‌ಪ್ರಿಂಟ್ ಇವೆ. ಅದರಲ್ಲಿ ಯಾವುದು ಸರಿ, ಯಾವುದು ಸುಮ್ನೆ ಬಿದ್ದಿರೋದು ಅಂತ ಗೊತ್ತಾಗುವುದಿಲ್ಲ. ಎಲ್ಲಕ್ಕೂ ಒಂದೇ ದೊಡ್ಡ ಲೈಬ್ರರಿ ಇಡಬೇಕಾ, ಪ್ರಾಜೆಕ್ಟಿಗೊಂದು ಇಡಬೇಕಾ? ಅನುಭವ ಇದ್ದವರು ಹೇಳಿ.

ಬೀದರ್, ಇನ್ವರ್ಟರ್ ಮತ್ತು ಸ್ಟೆಬಿಲೈಜರ್ ಬೋರ್ಡ್ ಕೆಲಸ

ನೋಡ್ರಿ, ಗಾಬರಿ ಬೇಡ. ಹಳೆಯ ಬೋರ್ಡುಗಳು ಎಲ್ಲೂ ಹೋಗಿಲ್ಲ. ಬೋರ್ಡ್ ಫೈಲಿನ ಒಳಗೇ ಪ್ರತಿ ಫುಟ್‌ಪ್ರಿಂಟಿನ ನಕಲು ಇರುತ್ತದೆ. ಲೈಬ್ರರಿ ಪೂರ್ತಿ ಕಳೆದರೂ ಬೋರ್ಡ್ ತೆರೆಯುತ್ತದೆ, ಗರ್ಬರ್ (ಬೋರ್ಡ್ ಮಾಡುವ ಫ್ಯಾಕ್ಟರಿಗೆ ಕಳಿಸುವ ಫೈಲ್) ತೆಗೆಯಬಹುದು. ಕೀಕ್ಯಾಡ್ 6ರಿಂದ ಸ್ಕೀಮ್ಯಾಟಿಕ್ ಅನ್ನುವ ಸರ್ಕ್ಯೂಟ್ ಚಿತ್ರದ ಒಳಗೂ ಸಿಂಬಲ್‌ಗಳ, ಅಂದರೆ ಅಲ್ಲಿ ಪಾರ್ಟನ್ನು ತೋರಿಸುವ ಗುರುತುಗಳ, ನಕಲು ಉಳಿಯುತ್ತದೆ.

ಹಾಗಾಗಿ ಡೌನ್‌ಲೋಡ್ ಫೋಲ್ಡರ್ ಕೆದಕುತ್ತ ಕೂರಬೇಡಿ. ಗಿರಾಕಿ ಹತ್ತಿರ ಈಗ ಓಡುತ್ತಿರುವ ಬೋರ್ಡ್ ಯಾವುದಿದೆ, ಅದರ ಫೈಲ್ ತೆರೆಯಿರಿ. ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ಗೆ ಹೋದರೆ ಬೋರ್ಡಿನಲ್ಲಿರುವ ಫುಟ್‌ಪ್ರಿಂಟ್‌ಗಳನ್ನೆಲ್ಲ ಹೊಸ ಲೈಬ್ರರಿಯಾಗಿ ತೆಗೆಯುವ ದಾರಿ ಇದೆ. ಹೊರಗೆ ಬರುವುದು ಪ್ರಿಟಿ ಅನ್ನುವ ಬಾಲ ಇರುವ ಒಂದು ಫೋಲ್ಡರ್, ಒಳಗೆ ಒಂದೊಂದು ಫುಟ್‌ಪ್ರಿಂಟಿಗೆ ಒಂದೊಂದು ಫೈಲ್. ಇದೇ ನಿಮ್ಮ ಹೊಸ ಲೈಬ್ರರಿಯ ಬುನಾದಿ. ತೂತು ಸರಿ ಇದೆ, ಪಾರ್ಟ್ ಕೂತಿದೆ, ಕರೆಂಟ್ ಹರಿದಿದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ವೆಬ್‌ಸೈಟೂ ಮಾಡಿರುವುದಿಲ್ಲ. ಬೋರ್ಡ್ ಮೇಲೆ ಪಾರ್ಟನ್ನು ಬಗ್ಗಿಸಿ, ಒತ್ತಿ ಕೂರಿಸಿದ್ದು ನೆನಪಿದ್ದರೆ ಅದನ್ನು ಮಾತ್ರ ಬಿಟ್ಟುಬಿಡಿ.

ಒಂದಾ, ಹಲವಾ ಅಂತ ಕೇಳಿದ್ದೀರಿ. ನಾನು ಎರಡೂ ಮಾಡುತ್ತೇನೆ. ಸ್ವಂತದ್ದು ಒಂದೇ ಲೈಬ್ರರಿ, ಚಿಕ್ಕದು. ನಿಜವಾಗಿ ಬಳಸಿದ ಪಾರ್ಟ್ ಮಾತ್ರ ಅದರೊಳಗೆ. ಬೋರ್ಡ್ ಮುಗಿದು ಗರ್ಬರ್ ಕಳಿಸುವ ದಿನ, ಆ ಬೋರ್ಡಿಗೆ ಬೇಕಾದಷ್ಟನ್ನು ನಕಲು ಮಾಡಿ ಪ್ರಾಜೆಕ್ಟ್ ಫೋಲ್ಡರಿನ ಒಳಗೇ ಇಡುತ್ತೇನೆ. ಆಮೇಲೆ ಆ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ಎಲ್ಲಿಗೆ ಹೋದರೂ ಪೂರ್ತಿ.

ತಮ್ಮನ ಕಂಪ್ಯೂಟರಿನಲ್ಲಿ ಸಿಗದಿರುವುದಕ್ಕೆ ಕಾರಣ ಲೈಬ್ರರಿ ಪಟ್ಟಿಯಲ್ಲಿರುವ ವಿಳಾಸ. ಮ್ಯಾನೇಜ್ ಫುಟ್‌ಪ್ರಿಂಟ್ ಲೈಬ್ರರೀಸ್ ತೆರೆದರೆ ಗ್ಲೋಬಲ್, ಪ್ರಾಜೆಕ್ಟ್ ಎಂದು ಎರಡು ಟ್ಯಾಬ್ ಕಾಣುತ್ತವೆ. ಗ್ಲೋಬಲ್ ಪಟ್ಟಿ ಆ ಕಂಪ್ಯೂಟರಿನದು, ಪ್ರಾಜೆಕ್ಟ್ ಪಟ್ಟಿ ಪ್ರಾಜೆಕ್ಟಿನ ಜೊತೆಗೇ ಹೋಗುತ್ತದೆ. ನೀವು ಬಹುಶಃ ಎಲ್ಲವನ್ನೂ ಗ್ಲೋಬಲ್‌ಗೆ ಸೇರಿಸಿದ್ದೀರಿ, ವಿಳಾಸ ಡಿ ಡ್ರೈವ್‌ನಿಂದ ಶುರುವಾಗುತ್ತಿರಬೇಕು. ಪ್ರಾಜೆಕ್ಟ್ ಟ್ಯಾಬ್‌ನಲ್ಲಿ ಸೇರಿಸಿ. ವಿಳಾಸದ ಮೊದಲಿಗೆ ಡ್ರೈವ್ ಹೆಸರಿನ ಬದಲು ಕೆಐಪಿಆರ್‌ಜೆಎಂಒಡಿ ಅನ್ನುವ ವೇರಿಯಬಲ್ ಇರಬೇಕು. ಪ್ರಾಜೆಕ್ಟ್ ಫೋಲ್ಡರ್ ಎಲ್ಲಿದ್ದರೂ ಅದು ಅಲ್ಲಿಗೇ ತೋರಿಸುತ್ತದೆ. ಇಬ್ಬರೂ ಬಳಸುವ ದೊಡ್ಡ ಲೈಬ್ರರಿಗೆ ಕಾನ್ಫಿಗರ್ ಪಾತ್ಸ್‌ನಲ್ಲಿ ನಿಮ್ಮದೇ ಒಂದು ವೇರಿಯಬಲ್ ಮಾಡಿ. ಹೆಸರು ಎರಡೂ ಕಂಪ್ಯೂಟರಿನಲ್ಲಿ ಒಂದೇ, ಜಾಗ ಬೇರೆ ಇದ್ದರೂ ನಡೆಯುತ್ತದೆ.

ಕೀಕ್ಯಾಡ್ ಜೊತೆ ಬರುವ ಲೈಬ್ರರಿಗೆ ಕೈ ಹಚ್ಚಬೇಡಿ. ಮುಂದಿನ ಆವೃತ್ತಿ ಹಾಕಿದಾಗ ಅದು ಪೂರ್ತಿ ಬದಲಾಗುತ್ತದೆ. ಪ್ಯಾಡ್ ಸ್ವಲ್ಪ ದೊಡ್ಡದು ಬೇಕಾ? ನಿಮ್ಮ ಲೈಬ್ರರಿಗೆ ನಕಲು ತೆಗೆದು ಅಲ್ಲಿ ತಿದ್ದಿ. ಇನ್ನೊಂದು, ಇಬ್ಬರ ಆವೃತ್ತಿಯೂ ಒಂದೇ ಇರಲಿ. ಹೊಸದರಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ.

ಡೌನ್‌ಲೋಡ್ ಬೇಡ ಅಂತ ನಾನು ಹೇಳುವುದಿಲ್ಲ. ಸ್ನ್ಯಾಪ್‌ಮ್ಯಾಜಿಕ್, ಅಲ್ಟ್ರಾ ಲೈಬ್ರೇರಿಯನ್ ಥರದ ವೆಬ್‌ಸೈಟ್‌ಗಳಲ್ಲಿ ಬೇಕಾದಷ್ಟು ಸಿಗುತ್ತದೆ, ಕಾಲು ಜಾಸ್ತಿ ಇರುವ ಐಸಿಗೆ ಸಮಯ ಉಳಿಯುತ್ತದೆ. ಆದರೆ ಮಿಲ್ಲಿಗೆ ಬಂದ ತೊಗರಿಯನ್ನು ಜರಡಿ ಹಿಡಿಯದೆ ಒಡೆಯಲು ಹಾಕ್ತಾರಾ? ಅದಕ್ಕೆ ಬೇರೆ ಫೋಲ್ಡರ್ ಇಡಿ. ಪಾರ್ಟ್ ಮಾಡುವ ಕಂಪನಿ ಕೊಡುವ ಡೇಟಾಶೀಟಿನ ಚಿತ್ರ ಪಕ್ಕಕ್ಕಿಟ್ಟು ಪಿಚ್ (ಕಾಲಿಂದ ಕಾಲಿಗೆ ಇರುವ ದೂರ), ತೂತು, ಒಂದನೇ ಕಾಲು ಯಾವುದು ಅಂತ ನೋಡಿ, ಆಮೇಲೆ ಸ್ವಂತದ್ದಕ್ಕೆ ಸೇರಿಸಿ.

ಯಾದಗಿರಿ, ರಿಪೇರಿ ಅಂಗಡಿ

ಅಣ್ಣಾವ್ರು ಕಂಪ್ಯೂಟರ್ ಕಡೆಯದ್ದು ಹೇಳಿದರು, ನಾನು ಪಾರ್ಟ್ ಕಡೆಯದ್ದು ಹೇಳುತ್ತೇನೆ.

ನಮ್ಮ ಕಡೆ ಬೇಕಾದ ಕಂಪನಿಯ ಮಾಲೇ ಸಿಗಬೇಕು ಅಂದರೆ ಆಗುವುದಿಲ್ಲ. ಹೈದರಾಬಾದಿನ ಕೋಠಿಗೆ, ಗುಜರಾತಿ ಗಲ್ಲಿಗೆ ಹೋದ ದಿನ ಏನಿದೆಯೋ ಅದನ್ನೇ ತರುತ್ತೇವೆ. ಅದಕ್ಕೇ ಸ್ಕ್ರೂ ಟರ್ಮಿನಲ್ ಫುಟ್‌ಪ್ರಿಂಟಿನ ಹೆಸರಲ್ಲಿ ಪಿಚ್ ಬರೆದಿಡಿ. ಕೆಲವು 5.00 ಮಿ.ಮೀ., ಕೆಲವು 5.08. ಎರಡು ಕಾಲಿನದಾದರೆ 0.08 ವ್ಯತ್ಯಾಸ, ಯಾವ ತೂತಿಗಾದರೂ ಕೂರುತ್ತದೆ. ಎಂಟು ಕಾಲಿನದಕ್ಕೆ ನಡುವೆ ಏಳು ಸಂದು. 0.56 ಮಿ.ಮೀ. ಆಯ್ತಲ್ಲ, ಕೊನೆಯ ಕಾಲು ತೂತಿನ ಅಂಚಿಗೆ ಬಡಿಯುತ್ತದೆ. ಎರಡು, ಮೂರು ಕಾಲಿನ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡಿದರೂ ಇದೇ ಲೆಕ್ಕ.

ಇನ್ನು ಟ್ರಾನ್ಸಿಸ್ಟರ್. ಟಿಒ-92 ಅಂದರೆ ಡಬ್ಬಿಯ ಆಕಾರ ಅಷ್ಟೇ, ಕಾಲಿನ ಕ್ರಮ ಅಲ್ಲ. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟರೆ ಬಿಸಿ547ಗೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ಗೆ ಎಮಿಟರ್, ಬೇಸ್, ಕಲೆಕ್ಟರ್. 2222 ಇನ್ನೂ ಕಿತಾಪತಿ. ಪಿಎನ್2222ಎ ಒಂದು ಕ್ರಮ, ಪಿ2ಎನ್2222ಎ ಅದರ ಉಲ್ಟಾ. ಅಂಗಡಿಯವರು ಎರಡನ್ನೂ 2222 ಅಂತಲೇ ಕೊಡುತ್ತಾರೆ. ಹೀಗಾಗಿ ಫುಟ್‌ಪ್ರಿಂಟ್ ಒಂದೇ ಇರಲಿ, ಸಿಂಬಲ್ ಬೇರೆ ಬೇರೆ ಇರಲಿ. ಕೀಕ್ಯಾಡ್‌ನಲ್ಲಿ ಇಬಿಸಿ, ಸಿಬಿಇ ಅಂತ ಬೇರೆ ಬೇರೆ ಸಿಂಬಲ್ ಇರುವುದು ಇದಕ್ಕೇ.

ಡಯೋಡಿಗೂ ಹುಷಾರು. ಕೀಕ್ಯಾಡ್‌ನಲ್ಲಿ ಒಂದನೇ ಕಾಲು ಕ್ಯಾಥೋಡ್. ಹೊರಗಿನಿಂದ ಇಳಿಸಿಕೊಂಡದ್ದರಲ್ಲಿ ಆನೋಡ್ ಒಂದು ಅಂತ ಇದ್ದರೆ ಬೋರ್ಡ್ ಮೇಲಿನ ಕ್ಯಾಥೋಡ್ ಗುರುತಿನ ಪಟ್ಟಿ ಉಲ್ಟಾ ಪ್ರಿಂಟ್ ಆಗುತ್ತದೆ, ಕೂರಿಸುವ ಹುಡುಗ ಪಟ್ಟಿ ನೋಡಿಯೇ ಕೂರಿಸುತ್ತಾನೆ.

ಕಲಬುರಗಿ, ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್

ನಮ್ಮ ಲ್ಯಾಬ್‌ನಲ್ಲಿ ಹುಡುಗರಿಗೆ ನಾನು ಹಾಕಿರುವ ಕಟ್ಟಳೆ ಒಂದೇ. ಕಾಗದದ ಮೇಲೆ ಪಾರ್ಟ್ ಕೂರಿಸಿ ತೋರಿಸದೆ ಬೋರ್ಡ್ ಆರ್ಡರ್ ಇಲ್ಲ. ಬೋರ್ಡನ್ನು ಒಂದಕ್ಕೆ ಒಂದು ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ಕೆಳಗೆ ಥರ್ಮಾಕೋಲ್ ಇಟ್ಟು ಟರ್ಮಿನಲ್, ರಿಲೇ, ಟ್ರಾನ್ಸ್‌ಫಾರ್ಮರ್ ಕಾಲುಗಳನ್ನು ಕಾಗದದ ಮೂಲಕ ಚುಚ್ಚಿ. ತಪ್ಪಿದ್ದರೆ ಕೈಗೇ ಗೊತ್ತಾಗುತ್ತದೆ.

ಪ್ರಿಂಟರ್ ಮಾತ್ರ ಮೋಸ ಮಾಡುತ್ತದೆ. ಫಿಟ್ ಟು ಪೇಜ್ ಆನ್ ಇದ್ದರೆ ಚಿತ್ರ ಸದ್ದಿಲ್ಲದೆ ಕುಗ್ಗುತ್ತದೆ. ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಗೆರೆ ಎಳೆದು, ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ. ಗೆರೆ ಸರಿ ಇದ್ದರೆ ಮಾತ್ರ ಪಾರ್ಟ್ ಹಿಡಿಯಿರಿ.

ಫೆರಿಕ್ ಕ್ಲೋರೈಡ್‌ನಲ್ಲಿ ಕೈಯಾರೆ ಮಾಡುವ ಬೋರ್ಡ್ ಇದ್ದರೆ ಅದಕ್ಕೆ ಬೇರೆಯದೇ ಲೈಬ್ರರಿ ಇಡಿ. ಟಿಒ-92ರ ಮಾಮೂಲಿ ಫುಟ್‌ಪ್ರಿಂಟಿನಲ್ಲಿ ಕಾಲುಗಳ ನಡುವೆ 1.27 ಮಿ.ಮೀ., ಮನೆಯ ಬೋರ್ಡಿಗೆ ಅದು ತೀರಾ ಹತ್ತಿರ. ವೈಡ್ ಅನ್ನುವುದು 2.54, ಅದನ್ನು ತೆಗೆದುಕೊಳ್ಳಿ. ತೂತಿಲ್ಲದೆ ಬೋರ್ಡಿನ ಮೇಲೇ ಬೆಸೆಯುವ ಎಸ್‌ಎಂಡಿ ರೆಸಿಸ್ಟರಿಗೆ ಹ್ಯಾಂಡ್‌ಸೋಲ್ಡರ್ ಅಂತ ಹೆಸರಿನಲ್ಲೇ ಇರುವ ಫುಟ್‌ಪ್ರಿಂಟ್ ಇವೆ, ಪ್ಯಾಡ್ ಉದ್ದ ಇರುತ್ತದೆ. ಹಾಗೇ, ಅಳತೆಯ ಕೋಡ್ 0603 ಅಂತ ಕಂಡ ತಕ್ಷಣ ಹಾಕಿಬಿಡಬೇಡಿ. ಇಂಚಿನ ಲೆಕ್ಕದ 0603 ಅಂದರೆ 1.6 × 0.8 ಮಿ.ಮೀ. ಮೆಟ್ರಿಕ್ 0603 ಅಂದರೆ 0.6 × 0.3, ಅದು ಇಂಚಿನ 0201. ಕೀಕ್ಯಾಡ್ ಹೆಸರಿನಲ್ಲಿ ಎರಡನ್ನೂ ಬರೆಯುತ್ತದೆ, ಪೂರ್ತಿ ಓದಬೇಕು ಅಷ್ಟೇ.

ಈಗಲ್ ಅನ್ನುವ ಇನ್ನೊಂದು ಬೋರ್ಡ್ ಡಿಸೈನ್ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುತ್ತಿದ್ದವರಿಗೂ ಒಂದು ಮಾತು. ಅದರ ಕಂಪನಿ ಆಟೋಡೆಸ್ಕ್ 2026ರ ಜೂನ್ 7ಕ್ಕೆ ಈಗಲ್ ನಿಲ್ಲಿಸುವುದಾಗಿ 2023ರಲ್ಲೇ ಹೇಳಿತ್ತು. ಹಳೆಯ ಈಗಲ್ ಲೈಬ್ರರಿಯನ್ನು ಕೀಕ್ಯಾಡ್ ಪಟ್ಟಿಗೆ ನೇರವಾಗಿ ಸೇರಿಸಿ ಫುಟ್‌ಪ್ರಿಂಟ್ ನೋಡಬಹುದು, ತಿದ್ದಲು ಬರುವುದಿಲ್ಲ. ಬೇಕಾದ್ದನ್ನು ಸ್ವಂತ ಲೈಬ್ರರಿಗೆ ನಕಲು ಮಾಡಿಕೊಳ್ಳಿ.

ಕೇಳಿದವರು, ಕಲಬುರಗಿ

ಲ್ಯಾಬ್ ಮೇಡಂ, ಅಣ್ಣಾವ್ರೇ, ಭಾಳ ಉಪಕಾರ ಆಯ್ತು. ವಿಳಾಸ ನೋಡಿದೆ, ಬೀದರ್ ಅಣ್ಣಾವ್ರು ಹೇಳಿದಂತೆ ಎಲ್ಲ ಡಿ ಡ್ರೈವ್‌ನಿಂದಲೇ ಶುರು. ಎರಡು ಪ್ರಶ್ನೆ. ನಾವಿಬ್ಬರೂ ಒಂದೇ ಲೈಬ್ರರಿ ತಿದ್ದಿದರೆ ಗೊಂದಲ ಆಗಲ್ವಾ? ಫೈಲಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಳಸಬೇಕಾ? ಮತ್ತೆ ಶುಗರ್ ಕ್ಯೂಬ್ ಅನ್ನುವ ಸಣ್ಣ ಚೌಕದ ರಿಲೇದು ಯಾವ ಫುಟ್‌ಪ್ರಿಂಟ್ ನಂಬಬೇಕು?

ಊರು ಭಾಲ್ಕಿ, ಹೈದರಾಬಾದಿನಲ್ಲಿ ಬೋರ್ಡ್ ಡಿಸೈನ್ ಕೆಲಸ

ಇಬ್ಬರೇ ಇದ್ದರೂ ಗಿಟ್ ಒಳ್ಳೆಯದೇ. ಒಂದು ಫುಟ್‌ಪ್ರಿಂಟಿಗೆ ಒಂದು ಫೈಲ್, ಅದೂ ಬರೀ ಅಕ್ಷರ. ಯಾವ ಪ್ಯಾಡ್ ಯಾವತ್ತು ಎಷ್ಟು ಬದಲಾಯಿತು ಅಂತ ಸಾಲು ಸಾಲಾಗಿ ಕಾಣುತ್ತದೆ. ಆದರೆ ಗಿಟ್‌ಗಿಂತ ಮುಖ್ಯ, ಲೈಬ್ರರಿಗೆ ಬರೆಯುವವರು ಒಬ್ಬರೇ ಇರಬೇಕು. ತಮ್ಮನಿಗೆ ಹೊಸ ಪಾರ್ಟ್ ಬೇಕಾದರೆ ತನ್ನ ಪ್ರಾಜೆಕ್ಟಿನಲ್ಲಿ ಮಾಡಿಕೊಳ್ಳಲಿ, ಬೋರ್ಡ್ ಓಡಿದ ಮೇಲೆ ನೀವು ನೋಡಿ ದೊಡ್ಡದಕ್ಕೆ ಸೇರಿಸಿ. ನಮ್ಮ ಆಫೀಸಿನಲ್ಲೂ ಹೀಗೇ. ಕೀಕ್ಯಾಡ್ 7ರಲ್ಲಿ ಡೇಟಾಬೇಸ್ ಲೈಬ್ರರಿ ಬಂದಿದೆ, ನಿಮಗೆ ಅದು ಬೇಡ.

ಬೀದರ್ ಅಣ್ಣನ ಒಂದು ಮಾತಿಗೆ ಸ್ವಲ್ಪ ತಕರಾರು. ಪ್ರಾಜೆಕ್ಟಿಗೊಂದು ನಕಲು ಇಟ್ಟರೆ, ದೊಡ್ಡ ಲೈಬ್ರರಿಯಲ್ಲಿ ತಪ್ಪು ತಿದ್ದಿದ್ದು ಆ ನಕಲಿಗೆ ತಲುಪುವುದಿಲ್ಲ. ಅದೇ ಬೋರ್ಡನ್ನು ಮುಂದಿನ ವರ್ಷ ಮತ್ತೆ ತೆಗೆದಾಗ ಹಳೆಯ ತಪ್ಪೇ ಹೊರಗೆ ಬರುತ್ತದೆ. ಹಾಗಂತ ಅಪ್‌ಡೇಟ್ ಫುಟ್‌ಪ್ರಿಂಟ್ಸ್ ಫ್ರಮ್ ಲೈಬ್ರರಿ ಒತ್ತಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಅದಕ್ಕಿಂತ ಕೆಟ್ಟದ್ದು. ಸರಿ ಇದ್ದದ್ದೂ ಬದಲಾಗುತ್ತದೆ, ಟ್ರ್ಯಾಕ್ ಪ್ಯಾಡಿನಿಂದ ಜಾರುತ್ತದೆ. ಒಂದೊಂದನ್ನೇ ಆರಿಸಿ ಬದಲಿಸಿ, ಬೋರ್ಡಿನ ತಪ್ಪು ಹುಡುಕುವ ಡಿಆರ್‌ಸಿ ಓಡಿಸಿ.

ರಿಲೇ ವಿಷಯಕ್ಕೆ ಬಂದರೆ, ಯಾವುದನ್ನೂ ನಂಬಬೇಡಿ. ಕೈಯಲ್ಲಿರುವ ರಿಲೇಗೆ ವರ್ನಿಯರ್ ಹಿಡಿದು ಅಳೆಯಿರಿ, ಫುಟ್‌ಪ್ರಿಂಟಿನ ಹೆಸರಿನಲ್ಲಿ ಕಂಪನಿ ಮತ್ತು ಮಾಡೆಲ್ ನಂಬರ್ ಇರಲಿ. ಬೇರೆ ಕಂಪನಿಯದು ಬಂದರೆ ಅದಕ್ಕೆ ಬೇರೆ ಫುಟ್‌ಪ್ರಿಂಟ್. ನಿಮ್ಮದು 415 ವೋಲ್ಟಿನ ಮೋಟಾರ್ ಕೆಲಸ, ಮಿಲ್ಲಿನಲ್ಲಿ ಧೂಳು ಬೇರೆ. ಮಳೆಗಾಲದ ತೇವದಲ್ಲಿ ಆ ಧೂಳೇ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಕಾಯಿಲ್ ಕಾಲುಗಳಿಗೂ ಕಾಂಟ್ಯಾಕ್ಟ್ ಕಾಲುಗಳಿಗೂ ನಡುವೆ ತಾಮ್ರ ಬರಬಾರದು ಅನ್ನುವ ಕೀಪ್‌ಔಟ್ ಜಾಗವನ್ನು ಫುಟ್‌ಪ್ರಿಂಟಿನ ಒಳಗೇ ಬರೆದಿಡಿ. ಕೀಕ್ಯಾಡ್ 6ರಿಂದ ಇದು ಸಾಧ್ಯ. ರಿಲೇ ಬೋರ್ಡಿಗೆ ಹಾಕಿದ ಕ್ಷಣವೇ ಆ ಜಾಗ ಖಾಲಿ ಇರಬೇಕು ಅಂತ ಸಾಫ್ಟ್‌ವೇರೇ ಕಾಯುತ್ತದೆ, ಗ್ರೌಂಡ್ ಕಾಪರ್ ತುಂಬಿದಾಗಲೂ ಒಳಗೆ ನುಗ್ಗುವುದಿಲ್ಲ.

ಇದೇ ಥರ ವೋಲ್ಟೇಜ್ ರೆಗ್ಯುಲೇಟರಿನ ಟ್ಯಾಬ್ (ಲೋಹದ ಅಗಲ ತುಂಡು) ಕೂಡ ನೋಡಿ. 7805ರ ಟ್ಯಾಬ್ ಗ್ರೌಂಡ್, 1117ರ ಟ್ಯಾಬ್ ಔಟ್‌ಪುಟ್. 1117ಕ್ಕೆ ಎಸ್‌ಒಟಿ-223 ಅನ್ನುವ ಡಬ್ಬಿಯ ಫುಟ್‌ಪ್ರಿಂಟ್ ಆರಿಸುವಾಗ ಹೆಸರಿನ ಕೊನೆಗೆ ಟ್ಯಾಬ್‌ಪಿನ್2 ಅಂತ ಇರುವುದನ್ನು ತೆಗೆದುಕೊಳ್ಳಿ.

ಬೀದರ್, ಇನ್ವರ್ಟರ್ ಮತ್ತು ಸ್ಟೆಬಿಲೈಜರ್ ಬೋರ್ಡ್ ಕೆಲಸ

ತಕರಾರು ಒಪ್ಪಿದೆ. ನಾನು ಪ್ರಾಜೆಕ್ಟ್ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲ್ ಇಡುತ್ತೇನೆ. ಬೋರ್ಡ್ ಬಂದ ಮೇಲೆ ಯಾವ ತೂತು ಬಿಗಿ ಆಯ್ತು, ಯಾವ ಅಕ್ಷರ ಪಾರ್ಟಿನ ಕೆಳಗೆ ಮುಚ್ಚಿಹೋಯ್ತು, ಎಲ್ಲ ಅದರಲ್ಲಿ. ಮತ್ತೆ ಅದೇ ಬೋರ್ಡ್ ಆರ್ಡರ್ ಬಂದಾಗ ಮೊದಲು ಅದನ್ನು ತೆರೆಯುತ್ತೇನೆ. ನಕಲು ಇದ್ದರೂ ನಡೆಯುತ್ತಿರುವುದು ಅದರಿಂದಲೇ.

ಇನ್ನೊಂದು ಹೇಳುವುದು ಬಿಟ್ಟೆ. ಪಟ್ಟಿಯಲ್ಲಿ ಲೈಬ್ರರಿಗೆ ಇಡುವ ನಿಕ್‌ನೇಮ್ ಯೋಚಿಸಿ ಇಡಿ, ಆಮೇಲೆ ಬದಲಿಸಬೇಡಿ. ಸ್ಕೀಮ್ಯಾಟಿಕ್‌ನಲ್ಲಿ ಪ್ರತಿ ಪಾರ್ಟಿನ ಎದುರು ನಿಕ್‌ನೇಮ್, ಕೋಲನ್, ಫುಟ್‌ಪ್ರಿಂಟ್ ಹೆಸರು ಅಂತಲೇ ಬರೆದುಕೊಂಡಿರುತ್ತದೆ. ನಿಕ್‌ನೇಮ್ ಬದಲಾದರೆ ಅಷ್ಟೂ ಕೊಂಡಿ ಕಳಚುತ್ತವೆ. ವರ್ಷ, ಆವೃತ್ತಿ, ಗಿರಾಕಿ ಹೆಸರು ಯಾವುದೂ ಅದರಲ್ಲಿ ಬೇಡ.

ಕೇಳಿದವರು, ಕಲಬುರಗಿ

ಸರಿ ಅಣ್ಣಾ. ಮೊದಲು ಸ್ಟಾರ್ಟರ್ ಬೋರ್ಡಿನಿಂದ ಎಕ್ಸ್‌ಪೋರ್ಟ್ ಮಾಡುತ್ತೇನೆ, ಅದೇ ಜಾಸ್ತಿ ಓಡಿರುವುದು. ಲೈಬ್ರರಿಗೆ ಬರೆಯುವುದು ತಮ್ಮನ ಕೆಲಸ ಅಂತ ಆಗಿದೆ, ವರ್ನಿಯರ್ ಹಿಡಿಯುವ ತಾಳ್ಮೆ ನನಗಿಂತ ಅವನಿಗೇ ಜಾಸ್ತಿ. ಈ ಸಲ ತಂದ ರಿಲೇ ಅಳೆದು ಕೀಪ್‌ಔಟ್ ಹಾಕಿದ ಫುಟ್‌ಪ್ರಿಂಟ್ ಇಲ್ಲೇ ಹಾಕುತ್ತೇವೆ, ಭಾಲ್ಕಿ ಅಣ್ಣಾವ್ರು ಒಂದು ಸಲ ಕಣ್ಣಾಡಿಸಿ.