ಕಲ್ಲಿದ್ದಲಿನ ಹೊಗೆಯಲ್ಲಿರುವ ಪಾದರಸ: ಕಿಟಕಿ ಮುಚ್ಚಿದರೆ ಸಾಕಾ?

ಪ್ರಶ್ನೆ: ಮೇಡಂ, ನನ್ನ ಮಗಳು ನಾಲ್ಕು ತಿಂಗಳ ಬಸುರಿ. ನಮ್ಮ ಮನೆಯಿಂದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಆ ಹೊಗೆಯಲ್ಲಿ ಪಾದರಸ ಇರುತ್ತದಂತೆ. ಮಗುವಿಗೆ ತೊಂದರೆ ಆಗುತ್ತದಾ? ಕಿಟಕಿ ಮುಚ್ಚಿಡುತ್ತಿದ್ದೇವೆ.

ಉತ್ತರ: ಅಮ್ಮ, ಚಿಮಣಿಯ ಹೊಗೆ ಅಳೆಯುವುದೇ ನನ್ನ ಕೆಲಸ. ಪಾದರಸ ಇರುವುದು ನಿಜ. ಒಂದು ಟನ್ ಕಲ್ಲಿದ್ದಲಿನಲ್ಲಿ ಸುಮಾರು 0.1 ಗ್ರಾಂ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ದಿನಕ್ಕೆ ಹತ್ತು ಸಾವಿರ ಟನ್ ಸುಡುವ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲಿನಲ್ಲಿ ದಿನಾ ಒಂದು ಕಿಲೋ ಪಾದರಸ ಇದ್ದಂತಾಯಿತು. ಕುಲುಮೆಯ ಬಿಸಿಗೆ ಅದು ಆವಿಯಾಗುತ್ತದೆ.

ಹೊಗೆಯಲ್ಲಿರುವ ಬೂದಿ, ಗಂಧಕದ ಅನಿಲ ಶ್ವಾಸಕೋಶಕ್ಕೆ ಕೆಟ್ಟವು. ಅದಕ್ಕೆ ಕಿಟಕಿ ಮುಚ್ಚಿ, ತಪ್ಪಿಲ್ಲ. ಆದರೆ ಪಾದರಸ ನಮ್ಮೊಳಗೆ ಬರುವ ಮುಖ್ಯ ದಾರಿ ಮೂಗಲ್ಲ, ಬಾಯಿ. ಆವಿಯ ಒಂದು ಪಾಲು ಹತ್ತಿರದಲ್ಲೇ ಮಳೆಯೊಂದಿಗೆ ಇಳಿಯುತ್ತದೆ. ಇನ್ನೊಂದು ಪಾಲು ತಿಂಗಳುಗಟ್ಟಲೆ ಗಾಳಿಯಲ್ಲಿದ್ದು ಖಂಡ ದಾಟಿ ಹೋಗುತ್ತದೆ. ಕೆರೆ, ಕಡಲಿನ ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಾಯಿಸುತ್ತವೆ. ಅಪಾಯ ಶುರುವಾಗುವುದು ಇಲ್ಲಿ. ಪಾಚಿಯಿಂದ ಸಣ್ಣ ಮೀನಿಗೆ, ಅದನ್ನು ತಿನ್ನುವ ದೊಡ್ಡ ಮೀನಿಗೆ ಸೇರುತ್ತಾ ಹೋಗುತ್ತದೆ. ನೀರಿನಲ್ಲಿ ಇರುವುದಕ್ಕಿಂತ ಲಕ್ಷಾಂತರ ಪಟ್ಟು ಜಾಸ್ತಿ ದೊಡ್ಡ ಮೀನಿನ ಮಾಂಸದಲ್ಲಿ ಸಿಗಬಹುದು.

ಈ ಮೀಥೈಲ್ ಪಾದರಸ ಬಸುರಿಯ ರಕ್ತದಿಂದ ಮಗುವಿನ ಬೆಳೆಯುತ್ತಿರುವ ಮಿದುಳಿಗೆ ದಾಟುತ್ತದೆ. ನೆನಪು, ಮಾತು, ಗಮನ ಕುಗ್ಗಬಹುದು. ಹಾಗಂತ ಮೀನು ಪೂರ್ತಿ ಬಿಡಿಸಬೇಡಿ, ಅದರ ಪೋಷಣೆ ಮಗುವಿಗೂ ಬೇಕು. ಶಾರ್ಕ್, ಕತ್ತಿಮೀನು ಬೇಡ. ಭೂತಾಯಿಯಂಥ ಸಣ್ಣ ಮೀನು ಒಳ್ಳೆಯದು.

ಪ್ರಶ್ನೆ (ಇನ್ನೊಬ್ಬರು): ಚೆನ್ನಾಗಿ ಬೇಯಿಸಿದರೆ ಹೋಗಲ್ವಾ? ಚಿಮಣಿಯಲ್ಲೇ ತಡೆಯೋಕಾಗಲ್ವಾ?

ಉತ್ತರ: ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ.

ಚಿಮಣಿಯಲ್ಲಿ ಖಂಡಿತ ತಡೆಯಬಹುದು. ಬೂದಿ ಹಿಡಿಯುವ ಬಟ್ಟೆಯ ಚೀಲ, ಗಂಧಕ ತೊಳೆಯುವ ಘಟಕ ಒಂದಿಷ್ಟು ಪಾದರಸವನ್ನೂ ಹಿಡಿಯುತ್ತವೆ. ಹೊಗೆಗೆ ಇದ್ದಿಲ ಪುಡಿ (ಆಕ್ಟಿವೇಟೆಡ್ ಕಾರ್ಬನ್) ಊದಿದರೆ ಬಹುಪಾಲು ಸಿಕ್ಕಿಬೀಳುತ್ತದೆ. ಇದು ಹೊಸ ವಿದ್ಯೆಯೇನಲ್ಲ. 2017ರಲ್ಲಿ ಜಾರಿಗೆ ಬಂದ, ಪಾದರಸ ತಡೆಯುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದವೂ ಕಲ್ಲಿದ್ದಲು ಸ್ಥಾವರಗಳ ಪಾದರಸಕ್ಕೆ ಕಡಿವಾಣ ಹಾಕಬೇಕು ಎನ್ನುತ್ತದೆ. ಮಿನಮಾಟಾ ಅನ್ನುವುದು ಪಾದರಸದಿಂದ ಜನ ಕಾಯಿಲೆ ಬಿದ್ದ ಜಪಾನಿನ ಊರು. ಅಲ್ಲಿ ಪಾದರಸ ಬಂದದ್ದು ರಾಸಾಯನಿಕ ಕಾರ್ಖಾನೆಯ ಕೊಳಚೆಯಿಂದ, ಹೊಗೆಯಿಂದಲ್ಲ. ಆದರೆ ಜನರ ಮೈ ಸೇರಿದ್ದು ಮೀನು, ಚಿಪ್ಪುಜೀವಿಗಳ ಮೂಲಕವೇ. ತಾಯಂದಿರು ಚೆನ್ನಾಗಿಯೇ ಕಾಣುತ್ತಿದ್ದಾಗಲೂ ಹುಟ್ಟಿದ ಮಕ್ಕಳಿಗೆ ಮಿದುಳಿನ ತೊಂದರೆ ಇತ್ತು. ನಿಮ್ಮ ಪಕ್ಕದ ಸ್ಥಾವರ ಪಾದರಸ ಅಳೆಯುತ್ತದಾ, ಅಂಕಿ ಎಷ್ಟು ಅಂತ ಕೇಳಿ. ಕೇಳುವ ಹಕ್ಕು ಪಕ್ಕದಲ್ಲಿ ಬದುಕುವವರಿಗೆ ಇರಲೇಬೇಕು.

ಪ್ರಶ್ನೆ (ಮೊದಲಿನವರು): ಮೇಡಂ, ಹೋದ ವಾರ ಅವಳು ಶಾರ್ಕ್ ತಿಂದಿದ್ದಾಳೆ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ.

ಉತ್ತರ: ಒಂದು ಊಟಕ್ಕೆ ಅಷ್ಟು ಹೆದರಬೇಡಿ ಅಮ್ಮ. ತೊಂದರೆ ಕೊಡುವುದು ಮತ್ತೆ ಮತ್ತೆ ತಿಂದು ಮೈಯಲ್ಲಿ ಸೇರಿದ್ದು. ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತದೆ, ಸುಮಾರು 50 ದಿನಕ್ಕೆ ಅರ್ಧದಷ್ಟು. ಮುಂದಿನ ಸಲ ಡಾಕ್ಟರಿಗೆ ಹೇಳಿ. ಮೊದಲಿಂದಲೂ ದೊಡ್ಡ ಮೀನು ಜಾಸ್ತಿ ತಿನ್ನುತ್ತಿದ್ದರೆ ರಕ್ತ ಪರೀಕ್ಷೆ ಬೇಕಾ ಅಂತ ಅವರನ್ನೇ ಕೇಳಿ.