ಮೇಲ್ ಕ್ಯೂ (ಕಳಿಸಲು ಕಾದಿರುವ ಮೇಲ್‌ಗಳ ಸಾಲು) ತುಂಬುತ್ತಿದೆ, ಸರ್ವರ್‌ನ ಐಪಿ ವಿಳಾಸ ಕಪ್ಪುಪಟ್ಟಿಗೆ ಬೀಳುತ್ತಿದೆ

ಪ್ರಶ್ನೆ: ಸಣ್ಣ ಐಎಸ್‌ಪಿ (ಇಂಟರ್ನೆಟ್ ಸೇವೆ ಕೊಡುವ ಸಂಸ್ಥೆ), ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದ ಮೇಲ್ ಸರ್ವರ್. ಸ್ಪ್ಯಾಮ್ ತಡೆಯಲು ಎಲ್ಲಿಂದ ಶುರುಮಾಡಬೇಕು?

ಉತ್ತರ 1: ಮೊದಲು ಹೊರಹೋಗುವುದನ್ನು ಕಟ್ಟಿಹಾಕಿ. ಚಂದಾದಾರರಿಂದ ಹೊರಕ್ಕೆ ಪೋರ್ಟ್ 25 (ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ದಾರಿ) ಮುಚ್ಚಿ, ಪಾಸ್‌ವರ್ಡ್ ಕೇಳುವ ಪೋರ್ಟ್ 587 ಮಾತ್ರ ಬಿಡಿ. ಕದ್ದ ಪಾಸ್‌ವರ್ಡ್ ಒಂದೇ ಸಾಕು, ರಾತ್ರೋರಾತ್ರಿ ಸಾವಿರಾರು ಮೇಲ್ ಹೋಗುತ್ತವೆ. ಖಾತೆಗೆ ಗಂಟೆಗೆ 100ರ ಮಿತಿ ಹಾಕಿ.

ಉತ್ತರ 2: ಕ್ಯೂ ತುಂಬಲು ಬಹುಶಃ ಬೌನ್ಸ್‌ಗಳೇ (ತಲುಪದ ಮೇಲ್ ಬಗ್ಗೆ ಕಳಿಸಿದವರಿಗೆ ಹೋಗುವ ಸೂಚನೆಗಳು) ಕಾರಣ. ಇಲ್ಲದ ವಿಳಾಸಕ್ಕೆ ಬಂದದ್ದನ್ನು ಆರ್‌ಸಿಪಿಟಿ ಹಂತದಲ್ಲೇ (ಯಾರಿಗೆ ಎಂದು ಹೇಳುವಾಗಲೇ) 550 ಎಂಬ ನಿರಾಕರಣೆ ಸಂಕೇತ ಕೊಟ್ಟು ತಿರಸ್ಕರಿಸಿ. ಸ್ವೀಕರಿಸಿ ಆಮೇಲೆ ಹಿಂತಿರುಗಿಸಿದರೆ ಅದು ಹೋಗುವುದು ಸ್ಪ್ಯಾಮರ್‌ಗಳು ಕಳಿಸಿದವರೆಂದು ನಕಲಿಯಾಗಿ ಹಾಕಿದ ಅಮಾಯಕರ ವಿಳಾಸಕ್ಕೆ. ಕಪ್ಪುಪಟ್ಟಿಗೆ ಅದೇ ನೇರ ದಾರಿ.

ಉತ್ತರ 3: ಗ್ರೇಲಿಸ್ಟಿಂಗ್ (ಅಪರಿಚಿತ ಸರ್ವರ್‌ಗೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾ ಎನ್ನುವುದು) 5 ನಿಮಿಷ ಸಾಕು. ದೊಡ್ಡ ಸೇವೆಗಳು ಬೇರೆ ಬೇರೆ ಐಪಿಯಿಂದ ಮರುಯತ್ನಿಸುವುದರಿಂದ ಒಂದೊಂದು ಐಪಿಯ ಬದಲು /24 (256 ಐಪಿಗಳ ಗುಂಪು) ಆಗಿ ಗುರುತಿಸಿ, ಇಲ್ಲವಾದರೆ ಒಟಿಪಿ ತಡವಾಗುತ್ತದೆ. ಸ್ಪ್ಯಾಮ್‌ಹೌಸ್ ಪಟ್ಟಿಯನ್ನು (ಸ್ಪ್ಯಾಮ್ ಕಳಿಸುವ ಐಪಿಗಳ ಕಪ್ಪುಪಟ್ಟಿ) ಬಳಸಲು ಸ್ವಂತ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ಹುಡುಕುವ ಸರ್ವರ್) ಬೇಕು. ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ 127.255.255.254 ಎಂಬ ದೋಷ ಸಂಕೇತ ಬರುತ್ತದೆ, ಅದನ್ನು ಸ್ಪ್ಯಾಮ್ ಎಂದು ಓದಿದರೆ ಒಳ್ಳೆಯ ಮೇಲ್‌ಗಳೂ ಹೋದಂತೆಯೇ!