ಐದು ವಾಟ್‌ಗೆ ಯಾರೂ ಉತ್ತರ ಕೊಡುತ್ತಿಲ್ಲ, 100 ವಾಟ್ ರೇಡಿಯೊ ಕೊಳ್ಳಬೇಕಾ?

ಬಾಲ್ಕನಿಹ್ಯಾಮ್ (ಬೆಂಗಳೂರು):
ನಮಸ್ಕಾರ ಎಲ್ಲರಿಗೂ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದು ಐದು ತಿಂಗಳಾಯಿತು. ಯುಬಿಟ್‌ಎಕ್ಸ್ ರೇಡಿಯೊ ಕಿಟ್ ಜೋಡಿಸಿಕೊಂಡಿದ್ದೇನೆ, ಐದಾರು ವಾಟ್ ಬರುತ್ತದೆ. ಮೂರನೇ ಮಹಡಿಯ ಬಾಲ್ಕನಿ ಗ್ರಿಲ್‌ಗೆ ಆಂಟೆನಾ ತಂತಿ ಕಟ್ಟಿದ್ದೇನೆ. ಟೆರೇಸ್ ಕೀ ಓನರ್ ಹತ್ತಿರ ಇದೆ. ದಿನಾ ಸಿಕ್ಯು (ಯಾರಾದರೂ ಮಾತಾಡಿ ಎಂಬ ಕರೆ) ಕೂಗಿ ಗಂಟಲು ಒಣಗಿತು, ಒಂದು ಉತ್ತರವೂ ಇಲ್ಲ. ಕೇಳಿಸುವುದೂ ಬರೀ ಗುಂಯ್ ಸದ್ದು, ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ 7ರಿಂದ ಕೆಳಗೆ ಇಳಿಯುವುದೇ ಇಲ್ಲ. ದೊಡ್ಡ ರೇಡಿಯೊ ಕೊಳ್ಳಬೇಕಾ?

ತೋಟದಮಾಸ್ತರು (ಶಿರಸಿ ಹತ್ತಿರ):
ದುಡ್ಡು ಇಟ್ಟುಕೊಳ್ಳಿ ಮಾರಾಯರೇ. 100 ವಾಟ್ ಅಂದರೆ ಐದರ ಇಪ್ಪತ್ತು ಪಟ್ಟು, ಡೆಸಿಬೆಲ್ ಲೆಕ್ಕದಲ್ಲಿ ಬರೀ 13. ಎಸ್-ಮೀಟರಿನ ಒಂದು ಮನೆಗೆ (ಒಂದು ಅಂಕಿಗೆ) 6 ಡೆಸಿಬೆಲ್. ಕೇಳುವವರ ಮುಳ್ಳು ಎರಡು ಮನೆ ಚಿಲ್ಲರೆ ಮೇಲೆ ಏರುತ್ತದೆ, ಅಷ್ಟೇ. ನಿಮ್ಮ ಕಿವಿಯೊಳಗಿನ ಗುಂಯ್ ಸದ್ದು ಅದರಿಂದ ಹೋಗುವುದಿಲ್ಲವಲ್ಲ. ಯಾರಾದರೂ ಉತ್ತರ ಕೊಟ್ಟಿದ್ದರೂ ನಿಮಗೆ ಕೇಳಿಸಿರಲಿಕ್ಕಿಲ್ಲ.

ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಮನೆಯವರು ಮೇಣದಬತ್ತಿ ಹುಡುಕುತ್ತಾರೆ, ನಾನು ಹೆಡ್‌ಫೋನ್ ಹುಡುಕುತ್ತೇನೆ. ಊರಿನ ಎಲ್‌ಇಡಿ ಬಲ್ಬು, ಚಾರ್ಜರ್ ಎಲ್ಲ ಸತ್ತ ಮೇಲೆ 7 ಮೆಗಾಹರ್ಟ್ಸ್ ಬ್ಯಾಂಡ್ ಎಷ್ಟು ತಣ್ಣಗಿರುತ್ತದೆ ಗೊತ್ತಾ! ರೇಡಿಯೊ ಓಡುವುದು 12 ವೋಲ್ಟ್ ಬ್ಯಾಟರಿ ಮೇಲೆ. ಸುಮಾರು 20 ಮೀಟರ್ ತಂತಿಯನ್ನು ಎರಡು ಅಡಿಕೆ ಮರಗಳ ನಡುವೆ ಎಳೆದಿದ್ದೇನೆ. ಕಟ್ಟಿಕೊಟ್ಟದ್ದು ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ. "ಇದರಲ್ಲಿ ಬಟ್ಟೆ ಒಣಗಿಸ್ತೀರಾ?" ಎಂದು ಕೇಳಿದ.

ನೀವೂ ಬ್ಯಾಟರಿ ಮೇಲೆ ರೇಡಿಯೊ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತಾ ಹೋಗಿ. ಕಳ್ಳ ಸಿಕ್ಕಿಬೀಳುತ್ತಾನೆ.

ಇನ್ನೊಂದು ಮಾತು. ಸಿಕ್ಯು ಕೂಗುವುದು ಬಿಡಿ. ಜೋರಾಗಿ ಕೇಳಿಸುವವರು ಕರೆದಾಗ ಉತ್ತರ ಕೊಡಿ. ಐದು ವಾಟ್‌ನಲ್ಲಿ ಮಾತಿಗಿಂತ ಮೋರ್ಸ್ (ಚುಕ್ಕಿ-ಗೆರೆ ಸಂಕೇತ) ವಾಸಿ. ಮಾತಿಗೆ ಎರಡೂವರೆ ಕಿಲೊಹರ್ಟ್ಸ್ ಅಗಲ ಬೇಕು, ಮೋರ್ಸನ್ನು 500 ಹರ್ಟ್ಸ್‌ನೊಳಗೆ ಸೋಸಿ ಕೇಳಬಹುದು; ಅಗಲ ಕಮ್ಮಿಯಾದಷ್ಟೂ ಗದ್ದಲ ಕಮ್ಮಿ. ಸಣ್ಣ ಪವರಿನವರು ಸೇರುವ ಜಾಗ 7.030 ಮತ್ತು 14.060 ಮೆಗಾಹರ್ಟ್ಸ್.

ಕಡಲತೀರ73 (ಕುಂದಾಪುರ):
ಮಾಸ್ತರು ಹೇಳಿದ್ದು ಸರಿ. ನವೆಂಬರ್ ಕೊನೆಯ ವಾರಾಂತ್ಯ ಸಿಕ್ಯು ವರ್ಲ್ಡ್‌ವೈಡ್ ಮೋರ್ಸ್ ಸ್ಪರ್ಧೆ ಇರುತ್ತದೆ, 48 ಗಂಟೆ. ದೊಡ್ಡ ಆಂಟೆನಾದವರಿಗೆ ಪಾಯಿಂಟ್ ಬೇಕು, ನಿಮ್ಮ ಪಿಸುಮಾತನ್ನೂ ಹೆಕ್ಕಿ ಕೇಳುತ್ತಾರೆ. ನೀವು ಕಳಿಸಬೇಕಾದ್ದು "599 22" ಅಷ್ಟೇ; 599 ಅಂದರೆ ಸಿಗ್ನಲ್ ಚೆನ್ನಾಗಿದೆ ಅಂತ, 22 ಸ್ಪರ್ಧೆಯ ಲೆಕ್ಕದಲ್ಲಿ ನಮ್ಮ ವಲಯ. ಹಾಂ, ಗುಡುಗು ಬಂದರೆ ಮೊದಲು ಆಂಟೆನಾ ಕೇಬಲ್ ಕಿತ್ತಿಡಿ. ನಾನು ಒಂದು ಸಲ ಮರೆತು ರಿಸೀವರ್ ಸುಟ್ಟುಕೊಂಡಿದ್ದೇನೆ.

ಬಾಲ್ಕನಿಹ್ಯಾಮ್:
ಭಾನುವಾರ ಮೇನ್ ಆಫ್ ಮಾಡಿದೆ. ಅಮ್ಮ ಧಾರಾವಾಹಿ ನೋಡುತ್ತಿದ್ದರು, ಸರಿಯಾಗಿ ಬೈಸಿಕೊಂಡೆ. ಮುಳ್ಳು 7ರಿಂದ 3ಕ್ಕೆ ಬಿತ್ತು! ಕಳ್ಳ ಯಾರು ಗೊತ್ತಾ? ಮೀನಿನ ತೊಟ್ಟಿಯ ದೀಪದ ಅಡಾಪ್ಟರ್. ಅದನ್ನು ತೆಗೆದು ಅದೇ ರಾತ್ರಿ 7.030ರಲ್ಲಿ ಒಬ್ಬರಿಗೆ ಮೋರ್ಸ್‌ನಲ್ಲಿ ಉತ್ತರ ಕೊಟ್ಟೆ. ಚೆನ್ನೈಯವರು. ಕೈ ನಡುಗಿ ನನ್ನ ಕಾಲ್ ಸೈನನ್ನೇ (ಲೈಸೆನ್ಸಿನ ಗುರುತಿನ ಹೆಸರು) ಎರಡು ಸಲ ತಪ್ಪು ಹೊಡೆದೆ. 339 ಕೊಟ್ಟರು, ಅಂದರೆ ಸಿಗ್ನಲ್ ಕ್ಷೀಣ, ಕಷ್ಟಪಟ್ಟು ಕೇಳಿಸಿತು ಅಂತ. ಟೆರೇಸ್ ಕೀ ಮಾತ್ರ ಇನ್ನೂ ಸಿಕ್ಕಿಲ್ಲ. 73 (ಶುಭಾಶಯ).